ಪಿಟೀಲು ಏಡಿ

ಉಬ್ಬರವಿಳಿತದ ಕೆಸರುದಂಡೆಗಳಲ್ಲಿ, ಕಾಂಡ್ಲಾ ಕಾಡಿನ ಅಂಚಿನಲ್ಲಿ ಬಿಲ ತೋಡಿ ಬಾಳುವ ಪುಟ್ಟ ಏಡಿ. ಜಗತ್ತಿನಲ್ಲಿ 100ಕ್ಕೂ ಹೆಚ್ಚು ಪ್ರಭೇದಗಳಿವೆ. ಕರ್ನಾಟಕದ ಅಳಿವೆಗಳಲ್ಲೂ ಕಾಣಸಿಗುತ್ತದೆ.

ಗಂಡಿನ ಒಂದು ಇಕ್ಕಳಗೈ ವಿಪರೀತ ದೊಡ್ಡದು, ಕೆಲವು ಪ್ರಭೇದಗಳಲ್ಲಿ ಮೈತೂಕದ ಅರ್ಧದಷ್ಟು. ಪಿಟೀಲು ಹಿಡಿದಂತೆ ಕಾಣುವುದರಿಂದ ಈ ಹೆಸರು. ಊಟಕ್ಕೆ ಮಾತ್ರ ಅದು ದಂಡ! ಹೆಣ್ಣು ಎರಡೂ ಕೈಯಿಂದ ಕೆಸರು ಬಾಚಿ ಬಾಯಿಗಿಟ್ಟರೆ, ಗಂಡಿಗೆ ಒಂದೇ ಕೈ ಗತಿ. ಪಾಚಿ, ಸೂಕ್ಷ್ಮಜೀವಿಗಳನ್ನು ಸೋಸಿಕೊಂಡು ಉಳಿದ ಮಣ್ಣನ್ನು ಗುಳಿಗೆ ಮಾಡಿ ಉದುರಿಸುತ್ತವೆ.

ದೊಡ್ಡ ಕೈ ಬೀಸಿ ಗಂಡು ಹೆಣ್ಣನ್ನು ಬಿಲಕ್ಕೆ ಕರೆಯುತ್ತದೆ. ಎದುರಾಳಿಯೊಡನೆ ಸೆಣಸುವುದೂ ಅದರಿಂದಲೇ. ಕಳಚಿದರೆ ಮತ್ತೆ ಬೆಳೆಯುತ್ತದೆ. ಆಸ್ಟ್ರೇಲಿಯಾದ ಮ್ಯೋಬರ್ಗಿ ಪ್ರಭೇದದಲ್ಲಿ ಹೀಗೆ ಬೆಳೆದ ಕೈ ದುರ್ಬಲ. ಆದರೆ ನೋಟಕ್ಕೆ ವ್ಯತ್ಯಾಸ ತಿಳಿಯದೆ ಎದುರಾಳಿಗಳು ಮೋಸಹೋಗುತ್ತವೆ.

ಉಬ್ಬರ ಏರುವ ಮುನ್ನ ಬಿಲದ ಬಾಯಿಗೆ ಕೆಸರಿನ ಬಿರಡೆ ಬೀಳುತ್ತದೆ.