ಪಾರ್ಥೇನಿಯಂ: ಖಾಲಿ ನಿವೇಶನಗಳ ಬಿಳಿ ಹೂವಿನ ಹೆಸರು ಮತ್ತು ಹಾವಳಿ

ಬೆಂಗಳೂರು: ಸರ್ವಜ್ಞನಗರದ ಬಾಣಸವಾಡಿ, ಎಚ್‌ಬಿಆರ್ ಬಡಾವಣೆ, ನಾಗವಾರ ಮೊದಲಾದೆಡೆ ಮಳೆ ಬಿದ್ದ ಕೆಲವೇ ವಾರಗಳಲ್ಲಿ ಖಾಲಿ ನಿವೇಶನಗಳನ್ನು ಆವರಿಸಿ, ಚಿಕ್ಕ ಬಿಳಿ ಹೂಗಳನ್ನು ಬಿಡುವ ಗಿಡವನ್ನು ಕಾಣದವರಿಲ್ಲ. ಜನರ ಬಾಯಲ್ಲಿ ಅದು ಕಾಂಗ್ರೆಸ್ ಗಿಡ. ಸಸ್ಯಶಾಸ್ತ್ರದಲ್ಲಿ ಪಾರ್ಥೇನಿಯಂ ಹಿಸ್ಟರೋಫೋರಸ್.

ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಪಾರ್ಥೇನಿಯಂ ಕುಲದಲ್ಲಿ ಸುಮಾರು 16 ಪ್ರಭೇದಗಳಿವೆ. ಎಲ್ಲವೂ ಅಮೆರಿಕ ಖಂಡಗಳ ಮೂಲದವು. 1753ರಲ್ಲಿ ಇದಕ್ಕೆ ಹೆಸರಿಟ್ಟವನು ಲಿನೇಯಸ್. ಗ್ರೀಕ್ ಭಾಷೆಯಲ್ಲಿ 'ಪಾರ್ಥೆನೋಸ್' ಎಂದರೆ ಕನ್ಯೆ. ಪ್ರಾಚೀನ ಗ್ರೀಕರು 'ಪಾರ್ಥೆನಿಯನ್' ಎಂದು ಕರೆಯುತ್ತಿದ್ದುದು ಬೇರೊಂದು ಔಷಧ ಸಸ್ಯವನ್ನು. ಮದ್ದಿನ ಹೆಸರು ಕೊನೆಗೆ ಮದ್ದಿಲ್ಲದ ಕಳೆಗೆ ಅಂಟಿಕೊಂಡಿತು ಎನ್ನಬೇಕು. ಹಾಗೆಂದು ಇಡೀ ಕುಲವನ್ನು ದೂರುವಂತಿಲ್ಲ. ಇದೇ ಕುಲದ ಗ್ವಾಯುಲೆ ಎಂಬ ಮೆಕ್ಸಿಕೋದ ಪೊದೆಯಿಂದ ರಬ್ಬರ್ ದೊರೆಯುತ್ತದೆ.

ಅಮೆರಿಕದಿಂದ ತರಿಸಿದ ಗೋಧಿಯೊಂದಿಗೆ ಈ ಕಳೆ ಭಾರತಕ್ಕೆ ಬಂದಿತೆಂಬುದು ಪ್ರಚಲಿತ ಕಥೆ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಇದು ಗಮನಕ್ಕೆ ಬಂದದ್ದು ನಿಜ. ಆದರೆ 1814ರಲ್ಲಿ ಪ್ರಕಟವಾದ ಕಲ್ಕತ್ತ ಸಸ್ಯೋದ್ಯಾನದ ಪಟ್ಟಿಯಲ್ಲಿಯೇ ಇದರ ಹೆಸರಿದೆ.

ನಾವು ಒಂದು ಹೂವೆಂದು ತಿಳಿಯುವುದು ವಾಸ್ತವದಲ್ಲಿ ಹಲವು ಕಿರುಹೂಗಳ ಗುಚ್ಛ. ಒಂದು ಗುಚ್ಛದಲ್ಲಿ ಬೀಜ ಕಟ್ಟುವುದು ಅಂಚಿನ ಐದು ಕಿರುಹೂಗಳು ಮಾತ್ರ. ಆದರೂ ಗುಚ್ಛಗಳು ಸಾವಿರಾರು ಇರುವುದರಿಂದ ಚೆನ್ನಾಗಿ ಬೆಳೆದ ಗಿಡವೊಂದು 10,000ಕ್ಕೂ ಹೆಚ್ಚು ಬೀಜಗಳನ್ನು ಉದುರಿಸಬಲ್ಲದು. ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ ಚರ್ಮದಲ್ಲಿ ತುರಿಕೆ, ಉರಿಯೂತ ತರುತ್ತದೆ. ಪರಾಗ ಮೂಗಿನ ಅಲರ್ಜಿಯನ್ನು ಕೆರಳಿಸುತ್ತದೆ.

ಕರ್ನಾಟಕ ಸರ್ಕಾರ 1975ರಲ್ಲಿ ಇದನ್ನು ಪೀಡೆ ಕಳೆಯೆಂದು ಘೋಷಿಸಿತು. 1984ರಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಮೆಕ್ಸಿಕೋದಿಂದ ತರಿಸಿದ ಜೈಗೋಗ್ರಾಮ ಬೈಕಲರೇಟ ಎಂಬ ದುಂಬಿಯನ್ನು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿತು. ಎಲೆ ತಿಂದು ಗಿಡವನ್ನು ಬರಡಾಗಿಸುವ ಈ ಕೀಟ ಸೂರ್ಯಕಾಂತಿ ಬೆಳೆಗೂ ಬಾಯಿ ಹಾಕಿತೆಂಬ ಗದ್ದಲವೂ ಆಯಿತು. ಎಲೆಗಳ ಮೇಲೆ ಬಿದ್ದಿದ್ದ ಪಾರ್ಥೇನಿಯಂ ಪರಾಗವೇ ದುಂಬಿಯನ್ನು ಸೆಳೆದಿತ್ತೆಂದು ನಂತರ ವಿಜ್ಞಾನಿಗಳು ಕಂಡುಕೊಂಡರು. ದುಂಬಿಗೂ ಮಿತಿಯಿದೆ. ಬೇಸಿಗೆಯಲ್ಲಿ ಅದು ಮಣ್ಣಿನೊಳಗೆ ನಿದ್ರಿಸುತ್ತದೆ. ಚರಂಡಿ ನೀರಿನ ತೇವವಿರುವಲ್ಲಿ ಗಿಡ ಮಾತ್ರ ವರ್ಷವಿಡೀ ಬೆಳೆಯುತ್ತಲೇ ಇರುತ್ತದೆ.

ಹೂ ಬಿಟ್ಟ ಮೇಲೆ ಕತ್ತರಿಸಿ ರಸ್ತೆಬದಿಗೆ ಎಸೆಯುವುದು ನಗರದಲ್ಲಿ ಸಾಮಾನ್ಯ ದೃಶ್ಯ. ಅದು ಬೀಜ ಬಿತ್ತಿದಂತೆಯೇ ಸರಿ. ಬುಡದಲ್ಲಿ ಉಳಿದ ಬೇರೂ ಮತ್ತೆ ಚಿಗುರುತ್ತದೆ. ಮಳೆಯ ನಂತರ ಮಣ್ಣು ಹಸಿಯಾಗಿರುವಾಗ, ಹೂ ಬಿಡುವ ಮೊದಲೇ, ಕೈಗವಸು ತೊಟ್ಟು ಬೇರುಸಹಿತ ಕೀಳಬೇಕು. ಹೂವಿಲ್ಲದ ಎಳೆಗಿಡಗಳನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಅಲರ್ಜಿ, ಉಬ್ಬಸ ಇರುವವರು ಈ ಕೆಲಸಕ್ಕೆ ಇಳಿಯಬಾರದು.