ದೆವ್ವದ ಕತೆಯ ಉಡುಗೊರೆ

ತಂಗಿಯ ಮಗಳಿಗೆ ದೆವ್ವದ ಕತೆಯೆಂದರೆ ಪ್ರಾಣ. ಕ್ರಿಸ್‌ಮಸ್ ರಜೆಗೆ ಬಂದವಳು, "ದೊಡ್ಡಮ್ಮ, ಚೆನ್ನಾಗಿ ಹೆದರಿಸೋ ಪುಸ್ತಕ ಕೊಡಿಸು" ಎಂದಳು. "ಉಡುಗೊರೆಗೆ ದೆವ್ವವೇ ಬೇಕೇನೇ!" ಎಂದು ತಂಗಿ ಮುಖ ಗಂಟಿಕ್ಕಿದಳು.

ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ಸಿಗೂ ದೆವ್ವಕ್ಕೂ ಹಳೆಯ ನಂಟು. ಚಳಿಗಾಲದ ಉದ್ದನೆಯ ರಾತ್ರಿ ಬೆಂಕಿಯ ಸುತ್ತ ಕುಳಿತು ಇಂಥ ಕತೆ ಹೇಳುವುದು ಅಲ್ಲಿನ ರೂಢಿ. ಚಾರ್ಲ್ಸ್ ಡಿಕನ್ಸನ 'ಎ ಕ್ರಿಸ್‌ಮಸ್ ಕ್ಯಾರಲ್' ಹೊರಬಂದದ್ದು 1843ರ ಡಿಸೆಂಬರ್ 19ರಂದು. ಪುಟಗಳ ಅಂಚಿಗೆ ಚಿನ್ನದ ಬಣ್ಣ, ಕೈಯಲ್ಲೇ ಬಣ್ಣ ತುಂಬಿದ ಚಿತ್ರಗಳು, ಬೆಲೆ 5 ಷಿಲ್ಲಿಂಗ್. ಹಬ್ಬದೊಳಗೇ 6,000 ಪ್ರತಿ ಖರ್ಚಾದವು. ಅಲಂಕಾರಕ್ಕೇ ದುಡ್ಡು ಸುರಿದದ್ದರಿಂದ ಲಾಭ ಮಾತ್ರ ಅಷ್ಟಕ್ಕಷ್ಟೆ, ನಮ್ಮ ಮದುವೆಮನೆಗಳ ಲೆಕ್ಕದ ಹಾಗೆ!

ಆ ವರ್ಷ, ದುಡಿಯುವ ಮಕ್ಕಳ ಬಗೆಗಿನ ಸರ್ಕಾರಿ ವರದಿ ಓದಿ ಡಿಕನ್ಸ್ ಒಂದು ಕರಪತ್ರ ಬರೆಯಲು ಹೊರಟಿದ್ದ. 1824ರಲ್ಲಿ, ಅಪ್ಪ ಸಾಲಕ್ಕಾಗಿ ಸೆರೆಮನೆ ಸೇರಿದಾಗ, ಹನ್ನೆರಡರ ಹುಡುಗ ತಾನೂ ಬೂಟಿನ ಕರಿಬಣ್ಣದ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದವನೇ. ಕರಪತ್ರ ಎಷ್ಟು ಜನ ಓದುತ್ತಾರೆ? ಅದನ್ನು ಬಿಟ್ಟು ದೆವ್ವಗಳನ್ನು ಕರೆತಂದ. ಅವುಗಳಲ್ಲೊಂದರ ನಿಲುವಂಗಿಯ ಅಡಿಯಿಂದ ಬಡಕಲು ಮಕ್ಕಳಿಬ್ಬರು ಹೊರಬರುತ್ತಾರೆ. ಹುಡುಗನ ಹೆಸರು ಅಜ್ಞಾನ, ಹುಡುಗಿಯದು ಬಡತನ.

ಸರಪಳಿ ಎಳೆದುಕೊಂಡು ಬರುವ ಪ್ರೇತಕ್ಕೆ ನಾನು ಹೆದರಲಿಲ್ಲ. ಇಲ್ಲಿ ಹೆದರಿದೆ. ನನ್ನ ಹಾಜರಿ ಪುಸ್ತಕದಲ್ಲೂ ಒಬ್ಬ ಹುಡುಗಿಯಿದ್ದಳು. ಬೀಡಿ ಕಟ್ಟಲು ಕೂತವಳು ಮತ್ತೆ ಶಾಲೆಗೆ ಬರಲಿಲ್ಲ. ಎರಡು ತಿಂಗಳು ಗೈರುಹಾಜರಿ ಹಾಕಿ, ಆಮೇಲೆ ಆ ಹೆಸರನ್ನು ನಾನೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೆ.

ಅದೇ ಪುಸ್ತಕ ಕೊಡಿಸಿದೆ. ರಾತ್ರಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಾ ಹೋದರೆ ತಂಗಿಯೂ ಹೊದಿಕೆ ಎಳೆದುಕೊಂಡು ಪಕ್ಕಕ್ಕೆ ಬಂದಳು. ಮಕ್ಕಳ ಪುಟ ಬಂದಾಗ ಹುಡುಗಿ ಕೇಳಿದಳು: "ಆ ಹುಡುಗಿ ಆಮೇಲೆ ಏನಾದಳು, ದೊಡ್ಡಮ್ಮ?"

ಪುಸ್ತಕದಲ್ಲಿ ಅದಿಲ್ಲ.