‘ಸಹಜ’ ಮಿತಿಯೊಳಗಿನ ಅಪಾಯ

ರಕ್ತಪರೀಕ್ಷೆಯ ವರದಿಯಲ್ಲಿ ಎಲ್ಲವೂ ‘ಸಹಜ’ ಎಂದಿದ್ದರೆ ನೀವು ನಿಶ್ಚಿಂತರಾಗುತ್ತೀರಲ್ಲವೆ? ಅಪಧಮನಿಯ ಗೋಡೆಯಲ್ಲಿ ಪದರ ಕಟ್ಟುವುದು ಕೊಲೆಸ್ಟರಾಲ್ ಎಂದು 1913ರಲ್ಲಿ ರಷ್ಯದ ಅನಿಚ್‌ಕೊವ್ ಮೊಲಗಳಲ್ಲಿ ತೋರಿಸಿದ. ಆ ಪದರ ಬಿರಿದು ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಪ್ರೇಮ್ ಪೈಸ್ ಮತ್ತು ಸಂಗಡಿಗರು ಮೊದಲ ಹೃದಯಾಘಾತವಾದ 200 ಮಂದಿಯನ್ನು ಅದೇ ವಯಸ್ಸಿನ ಬೇರೆ 200 ಮಂದಿಯೊಡನೆ ಹೋಲಿಸಿದರು. 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಫಲಿತಾಂಶ ಅನಿರೀಕ್ಷಿತವಾಗಿತ್ತು. ಎರಡು ಗುಂಪುಗಳನ್ನು ಬೇರ್ಪಡಿಸಿದ್ದು ಕೊಲೆಸ್ಟರಾಲ್ ಅಲ್ಲ; ಸಿಗರೇಟು-ಬೀಡಿ, ರಕ್ತದೊತ್ತಡ, ಹೊಟ್ಟೆಯ ಬೊಜ್ಜು ಮತ್ತು ಬರಿಹೊಟ್ಟೆಯ ಗ್ಲೂಕೋಸ್. ಗ್ಲೂಕೋಸ್ ‘ಸಹಜ’ ಮಿತಿಯೊಳಗೇ ಏರಿದರೂ ಅಪಾಯ ಏರುತ್ತಿತ್ತು! ನೀರಿನ ಕುದಿಬಿಂದುವಿನಂಥ ಗಡಿ ಇಲ್ಲಿಲ್ಲ. ಭೌತವಿಜ್ಞಾನದವನಾದ ನನ್ನನ್ನು ಸೆಳೆದದ್ದು ಇದೇ.

ಹಾಗೆಂದು ಕೊಲೆಸ್ಟರಾಲ್ ನಿರಪರಾಧಿಯಲ್ಲ. 2004ರಲ್ಲಿ, 52 ದೇಶಗಳ ‘ಇಂಟರ್‌ಹಾರ್ಟ್’ ಅಧ್ಯಯನದಲ್ಲಿ, ಅದನ್ನು ಹೊತ್ತೊಯ್ಯುವ ಅಪೊ-ಬಿ ಮತ್ತು ಅಪೊ-ಎ1 ಪ್ರೋಟೀನುಗಳ ಅನುಪಾತವೇ ಪ್ರಬಲ ಸೂಚಕವೆನಿಸಿತು.